ಜಗಲಿಯೋ ನಡುಮನೆಯೋ: ಇಂಟರ್ನೆಟ್ ಫೋನ್ ಹವ್ಯಾಸಿಗಳು ಎಲ್ಲಿ ಸೇರಬೇಕು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಇಂಟರ್‌ಕಾಮ್, ಐಪಿ ಫೋನ್ ಅಳವಡಿಸುವ ಕೆಲಸ ಮಾಡುತ್ತೇನೆ. ಆರು ವರ್ಷದ ಹಿಂದೆ ಗೆಳೆಯರು ಸೇರಿ ಕನ್ನಡದಲ್ಲೇ ಮಾತಾಡುವ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿದೆವು. ಆಸ್ಟರಿಸ್ಕ್, ಫ್ರೀಪಿಬಿಎಕ್ಸ್ ಎಂಬ ಫೋನ್ ಸರ್ವರ್ ತಂತ್ರಾಂಶಗಳು, ಸಿಪ್ ಎಂಬ ಇಂಟರ್ನೆಟ್ ಕರೆಯ ವಿಧಾನದಲ್ಲಿ ಫೋನ್ ಕಂಪನಿಗೆ ಜೋಡಿಸುವ ಸಿಪ್ ಟ್ರಂಕ್, ಗೇಟ್‌ವೇ, ಏನೇ ತೊಡಕಾದರೂ ಅಲ್ಲಿ ಕೇಳುತ್ತೇವೆ. ಈಗ 340 ಜನ ಇದ್ದಾರೆ. ಆಸ್ಪತ್ರೆ, ಲಾಡ್ಜ್, ಸಣ್ಣ ಕಾಲ್ ಸೆಂಟರ್‌ಗಳ ಟೆಕ್ನಿಷಿಯನ್‌ಗಳೇ ಹೆಚ್ಚು. ದುಬೈನಲ್ಲಿರುವ ನಮ್ಮವರೂ ಕೆಲವರಿದ್ದಾರೆ. ತೊಂದರೆ ಏನೆಂದರೆ "ಒಂದು ಕಡೆಯ ಮಾತು ಮಾತ್ರ ಕೇಳಿಸ್ತಿದೆ" ಎಂಬ ಪ್ರಶ್ನೆ ವಾರಕ್ಕೆ ಮೂರು ಸಲ ಬರುತ್ತದೆ, ಹಿಂದೆ ಕೊಟ್ಟ ಉತ್ತರ ಹುಡುಕಿದರೂ ಸಿಗುವುದಿಲ್ಲ. ಮ್ಯಾಟ್ರಿಕ್ಸ್, ಮಾಸ್ಟಡಾನ್‌ನಂಥ ಯಾರು ಬೇಕಾದರೂ ಸ್ವಂತ ಸರ್ವರ್ ಇಟ್ಟು ಸೇರಬಹುದಾದ ಮುಕ್ತ ಜಾಲಕ್ಕೆ ಹೋಗೋಣ ಎಂದು ಕೆಲವರು ಹಟ ಹಿಡಿದಿದ್ದಾರೆ. ಮುಕ್ತ ಎಂದರೆ ಹ್ಯಾಕರ್‌ಗಳಿಗೆ ಮನೆ ಬಾಗಿಲು ತೆಗೆದಂತೆ ಎಂದು ಉಳಿದವರ ವಾದ. ಕಳೆದ ತಿಂಗಳು ಸದಸ್ಯರೊಬ್ಬರ ಗಿರಾಕಿಯ ಸರ್ವರ್‌ಗೆ ಯಾರೋ ನುಗ್ಗಿ ವಿದೇಶಕ್ಕೆ ಕರೆ ಮಾಡಿದ ಮೇಲೆ ಜಗಳ ಜೋರಾಗಿದೆ. ಅಡ್ಮಿನ್ ನಾನೊಬ್ಬನೇ. ಮುಚ್ಚಿದ ಗುಂಪೇ ಸುರಕ್ಷಿತ ಅಲ್ಲವೇ? ನಮ್ಮಲ್ಲಿ ಎಂಥ ಚರ್ಚೆ ನಡೆಯುತ್ತದೆಂದು ತಿಳಿಯಲಿ ಎಂದು ಒಂದು ಲಾಗ್‌ನ (ಸರ್ವರ್ ಬರೆದಿಡುವ ಕೆಲಸದ ದಾಖಲೆಯ) ಚಿತ್ರ ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ಆರು ವರ್ಷದ ತಿಳಿವಳಿಕೆ ಕೈತಪ್ಪಿ ಹೋಗುತ್ತಿದೆ ಎಂಬುದು ಒಂದು. ಅದನ್ನು ಉಳಿಸಲು ಹೋಗಿ ಕಳ್ಳರಿಗೆ ದಾರಿ ತೋರಿಸಿಬಿಡುತ್ತೇವೇನೋ ಎಂಬುದು ಇನ್ನೊಂದು. ಎರಡೂ ನಿಜವಾದ ಆತಂಕಗಳೇ. ಆದರೆ ನಿಮ್ಮ ಗುಂಪಿನ ಜಗಳ ಬಗೆಹರಿಯದಿರುವುದಕ್ಕೆ ಕಾರಣ ಬೇರೆ ಇದೆ ಅನಿಸುತ್ತದೆ. "ಮುಕ್ತ" ಎಂಬ ಒಂದೇ ಮಾತನ್ನು ಇಬ್ಬರೂ ಬೇರೆ ಬೇರೆ ಅರ್ಥದಲ್ಲಿ ಆಡುತ್ತಿದ್ದೀರಿ.

ನಮ್ಮ ಕಡೆಯ ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿ. ದಾರಿಹೋಕ ಜಗಲಿಯ ಮೇಲೆ ಕೂರಬಹುದು, ನೀರು ಕೇಳಿ ಕುಡಿಯಬಹುದು. ನಡುಮನೆಗೆ ಬರಲು ಕರೆ ಬೇಕು. ಯಾರು ಎಲ್ಲಿಯವರೆಗೆ ಬರಬಹುದು ಎಂಬುದು ಒಂದು ಪ್ರಶ್ನೆ. ಮನೆ ಸ್ವಂತದ್ದೋ ಬಾಡಿಗೆಯದೋ, ಮಾಲೀಕ ಬಿಡು ಎಂದರೆ ಸಾಮಾನು ಎತ್ತಿಕೊಂಡು ಹೊರಡಬಹುದೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಮ್ಯಾಟ್ರಿಕ್ಸ್‌ಗೆ ಹೋಗೋಣ ಎನ್ನುವವರು ಸ್ವಂತ ಮನೆಯ ಮಾತಾಡುತ್ತಿದ್ದಾರೆ. ಬೇಡ ಎನ್ನುವವರು ಬಾಗಿಲಿನ ಮಾತಾಡುತ್ತಿದ್ದಾರೆ. ಸ್ವಂತ ಮನೆಗೂ ಬಾಗಿಲು ಇಡಬಹುದು, ಬಾಡಿಗೆ ಮನೆಯ ಬಾಗಿಲನ್ನೂ ಹಾರು ಹೊಡೆದು ಬಿಡಬಹುದು. ಮ್ಯಾಟ್ರಿಕ್ಸ್‌ನಲ್ಲಿ ಆಹ್ವಾನವಿಲ್ಲದೆ ಯಾರೂ ಕಾಲಿಡಲಾಗದ ಕೋಣೆ ಕಟ್ಟಬಹುದು, ಫೇಸ್‌ಬುಕ್‌ನಲ್ಲಿ ಊರಿಗೆಲ್ಲ ಕಾಣುವ ಗುಂಪೂ ಇರಬಹುದು.

ಈಗ ಹ್ಯಾಕರ್‌ಗಳ ವಿಷಯ. ಸಿಪ್ ಸರ್ವರ್‌ಗಳಿಗೆ ನುಗ್ಗುವವರು ಗುಂಪಿನ ಚರ್ಚೆ ಓದಿಕೊಂಡು ಬರುವುದಿಲ್ಲ. ಅವರ ಯಂತ್ರಗಳು ಹಗಲೂ ರಾತ್ರಿ ಇಡೀ ಇಂಟರ್ನೆಟ್ಟಿನ ಐಪಿ ವಿಳಾಸಗಳನ್ನು ಸಾಲಾಗಿ ತಟ್ಟುತ್ತಿರುತ್ತವೆ, ಸಿಪ್‌ನ ವಾಡಿಕೆಯ ಬಾಗಿಲಾದ 5060ನೇ ಪೋರ್ಟ್‌ನಲ್ಲಿ ಯಾರಾದರೂ ಓಗೊಟ್ಟಾರೇ ಎಂದು. ಹೊಸ ಸರ್ವರ್ ಒಂದನ್ನು ಸಾರ್ವಜನಿಕ ಐಪಿಯಲ್ಲಿ ನಿಲ್ಲಿಸಿ, ಯಾರಿಗೂ ಹೇಳಬೇಡಿ, ಕೆಲವೇ ಗಂಟೆಗಳಲ್ಲಿ ಲಾಗ್‌ನಲ್ಲಿ "ಫ್ರೆಂಡ್ಲಿ ಸ್ಕ್ಯಾನರ್" ಎಂಬ ಹೆಸರು ಕಾಣಿಸಬಹುದು. ಅದು ಸಿಪ್‌ವಿಶಿಯಸ್ ಎಂಬ ಪರೀಕ್ಷಾ ಉಪಕರಣದ ಗುರುತು. ಒಳ್ಳೆಯ ಉದ್ದೇಶಕ್ಕೆ ಬರೆದ ಸಾಧನ ಅದು, ಕಳ್ಳರೂ ಎತ್ತಿಕೊಂಡಿದ್ದಾರೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಹೋಟೆಲಿನ ಒಳಫೋನ್ ವಿನಿಮಯ ಕೇಂದ್ರವಾದ ಪಿಬಿಎಕ್ಸ್‌ನಲ್ಲಿ 100 ಎಂಬ ಎಕ್ಸ್‌ಟೆನ್ಷನ್‌ಗೆ 100 ಎಂದೇ ಪಾಸ್‌ವರ್ಡ್ ಇಟ್ಟಿದ್ದರು. ಶನಿವಾರ ರಾತ್ರಿಯಿಂದ ಸೋಮವಾರ ಬೆಳಗಿನವರೆಗೆ, ಹೆಸರೇ ಕೇಳದ ದ್ವೀಪ ದೇಶಗಳಿಗೆ ಕರೆಗಳು ಹೋಗಿದ್ದವು. ಮಾತಾಡಲು ಮಾಡಿದ ಕರೆಗಳಲ್ಲ ಅವು. ದುಬಾರಿ ದರದ ನಂಬರ್‌ಗೆ ಕರೆ ಹರಿದಷ್ಟೂ ಆ ದರದಲ್ಲಿ ಒಂದು ಪಾಲು ನಂಬರಿನ ಹಿಂದಿರುವವರಿಗೆ ಸೇರುತ್ತದೆ. ಕಳ್ಳರು ವಾರಾಂತ್ಯವನ್ನೇ ಆರಿಸಿಕೊಳ್ಳುವುದು ಸೋಮವಾರದವರೆಗೆ ಯಾರೂ ನೋಡುವುದಿಲ್ಲ ಎಂದು. ಆ ಹೋಟೆಲಿನ ವಿಷಯ ಯಾವ ಗುಂಪಿನಲ್ಲೂ ಚರ್ಚೆಯಾಗಿರಲಿಲ್ಲ.

ಹಾಗಾಗಿ ನಿಮ್ಮ ಸದಸ್ಯರ ಗಿರಾಕಿಗೆ ಆದ ನಷ್ಟಕ್ಕೆ ಗುಂಪನ್ನು ದೂರುವ ಮೊದಲು ಆ ಸರ್ವರ್‌ನ ಪಾಸ್‌ವರ್ಡ್, ಫೈರ್‌ವಾಲ್, ವಿದೇಶ ಕರೆಯ ಮಿತಿ ನೋಡಿ. ಬಹುಪಾಲು ಅಲ್ಲೇ ಉತ್ತರ ಇರುತ್ತದೆ.

ಹಾಗಂತ ಗುಂಪಿನಿಂದ ಏನೂ ಸೋರುವುದಿಲ್ಲ ಎಂದಲ್ಲ. ಸೋರುತ್ತದೆ, ಅದೂ ಮುಚ್ಚಿದ ಗುಂಪಿನಿಂದಲೇ ಹೆಚ್ಚು. ನಮ್ಮವರೇ ಇರುವುದು ಎಂಬ ನಂಬಿಕೆಯಲ್ಲಿ ಜನ ಸಂರಚನೆಯ ಕಡತವನ್ನು ಇಡಿಯಾಗಿ ಹಾಕುತ್ತಾರೆ. ಒಮ್ಮೆ ಇನ್ನೂರು ಜನರ ಗುಂಪಿನಲ್ಲಿ ಒಬ್ಬರು ಗಿರಾಕಿಯ ಪಿಬಿಎಕ್ಸ್‌ನ ಪೂರ್ತಿ ಬ್ಯಾಕಪ್ ಹಾಕಿದ್ದನ್ನು ಕಂಡು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅಳಿಸಲು ಹೇಳಿದೆ. ಅಳಿಸಿದರು. ಅಷ್ಟರಲ್ಲಿ ಅದು ಎಷ್ಟು ಫೋನ್‌ಗಳಿಗೆ ಇಳಿದಿತ್ತೋ ಯಾರಿಗೆ ಗೊತ್ತು? ವಾಟ್ಸ್ಆ್ಯಪ್‌ನ ಗೂಢಲಿಪಿ ಗಟ್ಟಿಯಾದದ್ದೇ, ಅದರಲ್ಲಿ ಅನುಮಾನ ಬೇಡ. ಆದರೆ ಅದು ಕಾಯುವುದು ದಾರಿಯಲ್ಲಿ ಹೋಗುವ ಸಂದೇಶವನ್ನು. 340 ಫೋನ್‌ಗಳಲ್ಲಿ ತೆರೆದು ಕೂತ ಸಂದೇಶವನ್ನು ಅದು ಕಾಯಲಾರದು. ಅದರ ಮೇಲೆ, ಗುಂಪಿನಲ್ಲಿರುವ ಪ್ರತಿಯೊಬ್ಬರ ಮೊಬೈಲ್ ನಂಬರ್ ಉಳಿದವರಿಗೆ ಕಾಣುತ್ತದೆ. ದುಬೈನಲ್ಲಿರುವ ನಿಮ್ಮ ಗೆಳೆಯರಿಗೆ ಇದು ಸಣ್ಣ ಸಂಗತಿಯಲ್ಲ. ಯುಎಇಯಲ್ಲಿ ಇಂಟರ್ನೆಟ್ ಕರೆ ಸೇವೆ ಕೊಡಲು ಪರವಾನಗಿ ಬೇಕು, ವಾಟ್ಸ್ಆ್ಯಪ್ ಕರೆಗೇ ಅಲ್ಲಿ ತಡೆ ಇದೆ. ಅಲ್ಲಿ ಕೂತು ಸಿಪ್ ಬಗ್ಗೆ ಕೇಳುವವರಿಗೆ ತಮ್ಮ ನಂಬರ್ ಅಪರಿಚಿತರಿಗೆ ಕಾಣದಿರುವುದು ಮುಖ್ಯ. ಅಡ್ಡಹೆಸರಿನಲ್ಲಿ ಬರೆಯಬಹುದಾದ ಮುಕ್ತ ಜಾಲವೇ ಅವರಿಗೆ ಹೆಚ್ಚು ಮರೆ ಕೊಡುತ್ತದೆ.

ಇನ್ನು ಮನೆ ಯಾರದು ಎಂಬ ಪ್ರಶ್ನೆ. ಫೋನ್ ಕೆಲಸ ಮಾಡುವ ನಮಗೆ ಇದು ಉಳಿದವರಿಗಿಂತ ಬೇಗ ಅರ್ಥವಾಗಬೇಕು. ನೀವು ಬಿಎಸ್ಎನ್ಎಲ್ ಲ್ಯಾಂಡ್‌ಲೈನ್‌ನಿಂದ ಏರ್‌ಟೆಲ್ ಮೊಬೈಲ್‌ಗೆ ಕರೆ ಮಾಡುತ್ತೀರಿ. ಎರಡು ಕಂಪನಿ, ಎರಡು ಜಾಲ, ನಡುವೆ ಒಪ್ಪಂದ. ಬೇರೆ ಕಂಪನಿಯವನ ಜೊತೆ ಮಾತಾಡಲು ಅವನ ಸಿಮ್ಮನ್ನೇ ಕೊಳ್ಳಬೇಕು ಎಂದಿದ್ದರೆ ಫೋನು ಇಷ್ಟು ಬೆಳೆಯುತ್ತಿತ್ತೇ? 2011ರ ಜನವರಿಯಲ್ಲಿ ದೇಶದ ತುಂಬ ನಂಬರ್ ಪೋರ್ಟಬಿಲಿಟಿ ಬಂತು. ಕಂಪನಿ ಬದಲಿಸಿದರೂ ನಂಬರ್ ನಮ್ಮದೇ. ಮುಚ್ಚಿದ ಸಾಮಾಜಿಕ ಜಾಲಗಳಲ್ಲಿ ಇಲ್ಲದಿರುವುದು ಇವೇ ಎರಡು: ಹೊರಗಿನವರೊಂದಿಗೆ ಜೋಡಣೆ, ಹೊರಡುವಾಗ ಗುರುತನ್ನು ಒಯ್ಯುವ ಹಕ್ಕು.

ನಮ್ಮ ಕ್ಷೇತ್ರ ಇದನ್ನು ಒಂದಲ್ಲ ಹಲವು ಸಲ ಅನುಭವಿಸಿದೆ. ಕರೆ ಹೂಡುವ ಸಿಪ್ ಶಿಷ್ಟತೆ 1999ರಲ್ಲಿ ಪ್ರಕಟವಾಯಿತು, 2002ರಲ್ಲಿ ಪರಿಷ್ಕಾರಗೊಂಡು ಇಂದಿಗೂ ನಡೆಯುತ್ತಿದೆ. ಯಾರು ಬೇಕಾದರೂ ಓದಿ ಫೋನ್ ಮಾಡಬಹುದು, ಸರ್ವರ್ ಬರೆಯಬಹುದು. 2003ರಲ್ಲಿ ಸ್ಕೈಪ್ ಬಂತು. ಅದರ ಒಳಮಾತು ಗುಟ್ಟು. ಆದರೂ ಜನ ಮುಗಿಬಿದ್ದರು. ಯಾಕೆ? ಸಿಪ್ ಫೋನ್ ಮನೆಯ ರೌಟರ್‌ನ ಹಿಂದೆ ಕಕ್ಕಾಬಿಕ್ಕಿಯಾಗಿ ನಿಲ್ಲುತ್ತಿತ್ತು, ಸ್ಕೈಪ್ ತಾನೇ ದಾರಿ ಹುಡುಕಿಕೊಂಡು ಹೋಗುತ್ತಿತ್ತು. ಆ ಶ್ರೇಯ ಅದಕ್ಕೆ ಸಲ್ಲಬೇಕು. 2025ರ ಮೇ 5ರಂದು ಸ್ಕೈಪ್ ಮುಚ್ಚಿತು. ಗುಟ್ಟಿನ ಜಾಲವನ್ನು ಬೇರೊಬ್ಬರು ಮುಂದುವರಿಸಿಕೊಂಡು ಹೋಗಲು ದಾರಿಯಿರಲಿಲ್ಲ. ಸ್ಕೈಪ್ ಬಂದ ಕಾಲದಲ್ಲೇ ಕೊಂಡ ಹಳೆಯ ಸಿಪ್ ಫೋನ್ ಒಂದು ನನ್ನ ಮೇಜಿನ ಮೇಲೆ ಈಗಲೂ ರಿಂಗಾಗುತ್ತದೆ.

ಗೂಗಲ್ ಟಾಕ್‌ನದು ಇನ್ನೂ ಕಲಿಸುವ ಕತೆ. 2005ರಲ್ಲಿ ಎಕ್ಸ್‌ಎಂಪಿಪಿ ಎಂಬ ಮುಕ್ತ ಶಿಷ್ಟತೆಯ ಮೇಲೆ ಶುರುವಾಯಿತು, 2006ರಲ್ಲಿ ಹೊರಗಿನ ಸರ್ವರ್‌ಗಳಿಗೂ ಬಾಗಿಲು ತೆಗೆಯಿತು. ನಾವೆಲ್ಲ ಸ್ವಂತ ಸರ್ವರ್‌ನಿಂದ ಜಿಮೇಲ್ ಗೆಳೆಯರಿಗೆ ಸಂದೇಶ ಕಳಿಸಿ ಸಂಭ್ರಮಿಸಿದೆವು. 2013ರಲ್ಲಿ ಹ್ಯಾಂಗೌಟ್ಸ್ ಬಂದಾಗ ಆ ಜೋಡಣೆಯನ್ನು ಕೈಬಿಟ್ಟರು. ಶಿಷ್ಟತೆ ಮುಕ್ತವಾಗಿದ್ದರೂ ಬಹುಪಾಲು ಜನ ಒಂದೇ ಕಂಪನಿಯ ಸರ್ವರ್‌ನಲ್ಲಿದ್ದರೆ ಬಾಗಿಲು ಮುಚ್ಚುವ ಅಧಿಕಾರ ಆ ಕಂಪನಿಯ ಕೈಯಲ್ಲೇ ಉಳಿಯುತ್ತದೆ. ನಿಮ್ಮ 340 ಜನರೂ ಒಂದೇ ದೊಡ್ಡ ಮ್ಯಾಟ್ರಿಕ್ಸ್ ಸರ್ವರ್‌ನಲ್ಲಿ ಖಾತೆ ತೆರೆದರೆ ನಿಮ್ಮ ಪಾಡೂ ಹೆಚ್ಚುಕಡಿಮೆ ಅದೇ.

ಮುಕ್ತ ಜಾಲದಲ್ಲಿ ಜಗಳವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಾಂತ್ರಿಕ ಜನರ ದೊಡ್ಡ ಹರಟೆಕಟ್ಟೆಯಾಗಿದ್ದ ಫ್ರೀನೋಡ್‌ನಲ್ಲಿ 2021ರ ಮೇನಲ್ಲಿ ಮಾಲೀಕತ್ವದ ಜಗಳವಾಗಿ ಸ್ವಯಂಸೇವಕರಲ್ಲಿ ಬಹುಪಾಲು ಜನ ಹೊರನಡೆದರು. ಆದರೆ ಅವರು ಕಟ್ಟಿದ ಲಿಬೆರಾ ಚಾಟ್‌ಗೆ ನೂರಾರು ಯೋಜನೆಗಳು ಕೆಲವೇ ವಾರಗಳಲ್ಲಿ ಸಾಗಿದವು. ಅದೇ ತಂತ್ರಾಂಶ, ಅದೇ ಆಜ್ಞೆಗಳು, ಬದಲಿಸಬೇಕಾದದ್ದು ಸರ್ವರ್‌ನ ವಿಳಾಸ ಒಂದನ್ನೇ. ನಿಮ್ಮಲ್ಲಿ ಕೆಲವರು ಬಳಸಿರಬಹುದಾದ ಎಲಾಸ್ಟಿಕ್ಸ್ ಎಂಬ ಪಿಬಿಎಕ್ಸ್ ತಂತ್ರಾಂಶಕ್ಕೂ ಹೀಗೇ ಆಯಿತು. 2016ರ ಕೊನೆಯಲ್ಲಿ ಅದು ತ್ರೀಸಿಎಕ್ಸ್ ಕಂಪನಿಯ ಪಾಲಾಗಿ ಮುಕ್ತ ರೂಪ ನಿಂತಾಗ, ಹಳೆಯ ಮುಕ್ತ ಸೋರ್ಸ್ ಕೋಡ್‌ನಿಂದಲೇ ಇಸಾಬೆಲ್ ಎಂಬ ಕವಲು ಚಿಗುರಿತು. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿದಾಗ ಅಲ್ಲಿದ್ದ ಕನ್ನಡದ ಕಮ್ಯುನಿಟಿಗಳಿಗೆ ಇಂಥ ಕವಲೊಡೆಯುವ ದಾರಿ ಇರಲಿಲ್ಲ. ಯಾಹೂ ಗ್ರೂಪ್ಸ್‌ನ ಹಳೆಯ ಪತ್ರಗಳನ್ನು 2019ರ ಡಿಸೆಂಬರ್‌ನಲ್ಲಿ ತಾಣದಿಂದ ತೆಗೆದುಹಾಕಿದಾಗಲೂ ಅಷ್ಟೇ. ಇದಕ್ಕೆ ಎದುರಾಗಿ, 1981ರಲ್ಲಿ ಶುರುವಾದ ಟೆಲಿಕಾಂ ಡೈಜೆಸ್ಟ್ ಎಂಬ ಫೋನ್ ಹವ್ಯಾಸಿಗಳ ಪತ್ರಮಾಲೆಯ ಹಳೆಯ ಸಂಚಿಕೆಗಳನ್ನು ಇಂದಿಗೂ ಓದಬಹುದು. ಅದು ಯಾವ ಒಂದು ಕಂಪನಿಯ ಪೆಟ್ಟಿಗೆಯಲ್ಲೂ ಬಂದಿಯಾಗಿರಲಿಲ್ಲ, ಹತ್ತಾರು ಕಡೆ ಪ್ರತಿಗಳಿದ್ದವು.

ಈಗ ನಿಮ್ಮ ಮುಂದಿರುವ ದಾರಿಗಳು.

ಇದ್ದಲ್ಲೇ ಇರುವುದು ಮೊದಲನೆಯದು. ಅದನ್ನು ಹೀಗಳೆಯಲಾರೆ. ಆಸ್ಪತ್ರೆಯ ಫೋನು ಸತ್ತು ಕೂತಾಗ ಟೆಕ್ನಿಷಿಯನ್ ತೆರೆಯುವುದು ಕೈಯಲ್ಲಿರುವ ವಾಟ್ಸ್ಆ್ಯಪ್ಪನ್ನೇ, ಹೊಸ ಆ್ಯಪ್ ಹುಡುಕಿ ಖಾತೆ ಮಾಡಿಕೊಂಡು ಕೂರುವುದಿಲ್ಲ. 1024 ಜನರವರೆಗೆ ಜಾಗವೂ ಇದೆ. ತೊಂದರೆ ಇರುವುದು ನೆನಪಿನಲ್ಲಿ. ಚರ್ಚೆ ಹರಿದು ಹೋಗುತ್ತದೆ, ಹೊಸಬರಿಗೆ ಹಿಂದಿನದು ಪೂರ್ತಿ ಸಿಗುವುದಿಲ್ಲ, ಹೊರಗಿನ ಹುಡುಕುಯಂತ್ರ ಒಳಗೆ ಇಣುಕಲಾರದು. ಟೆಲಿಗ್ರಾಂನಲ್ಲಿ ಹೊಸಬರಿಗೆ ಹಳೆಯ ಚರ್ಚೆ ತೋರಿಸಬಹುದು, ನಂಬರ್ ಮರೆಮಾಡಬಹುದು. ಆದರೆ ಅದರ ಗುಂಪುಗಳಿಗೆ ಎರಡೂ ತುದಿಯ ಗೂಢಲಿಪಿ ಇಲ್ಲ, ಮಾಲೀಕರೂ ಒಬ್ಬರೇ. ಡಿಸ್ಕಾರ್ಡ್ ಹುಡುಗರಿಗೆ ಇಷ್ಟ, ಅಲ್ಲಿನ ಉತ್ತರವೂ ಗೂಗಲ್‌ಗೆ ಸಿಗುವುದಿಲ್ಲ.

ಮ್ಯಾಟ್ರಿಕ್ಸ್ ನಿಮ್ಮಂಥವರಿಗೆ ಹತ್ತಿರವಾದದ್ದು. ಕೋಣೆಯ ಇತಿಹಾಸ ಅದರಲ್ಲಿ ಪಾಲ್ಗೊಂಡ ಸರ್ವರ್‌ಗಳಿಗೆಲ್ಲ ಹರಡಿರುತ್ತದೆ, ಒಂದು ಸತ್ತರೂ ಚರ್ಚೆ ಸಾಯುವುದಿಲ್ಲ. ಎರಡು ಎಚ್ಚರಿಕೆ ಹೇಳುತ್ತೇನೆ. ಯಾರು ಬೇಕಾದರೂ ಸೇರಬಹುದಾದ ಕೋಣೆಗೆ ಗೂಢಲಿಪಿ ಹಚ್ಚಬೇಡಿ. ಊರಿಗೆಲ್ಲ ಬಾಗಿಲು ತೆಗೆದ ಮೇಲೆ ಅದರಿಂದ ಲಾಭವಿಲ್ಲ, ಹೊಸಬರಿಗೆ ಹಳೆಯ ಸಂದೇಶ ಬಿಚ್ಚಿಕೊಳ್ಳುವುದಿಲ್ಲ, ಒಮ್ಮೆ ಹಚ್ಚಿದರೆ ಆ ಕೋಣೆಯಲ್ಲಿ ಮತ್ತೆ ತೆಗೆಯಲೂ ಆಗುವುದಿಲ್ಲ. ಎರಡನೆಯದು, ಸ್ವಂತ ಸರ್ವರ್ ಇಟ್ಟು ಅದರಿಂದ ಸಾವಿರಾರು ಜನರ ದೊಡ್ಡ ಕೋಣೆಗಳಿಗೆ ಸೇರಿದರೆ ಸಣ್ಣ ಯಂತ್ರ ಏದುಸಿರು ಬಿಡುತ್ತದೆ. ಹಗುರವಾಗಿರಬೇಕು ಎಂದರೆ ಎಕ್ಸ್‌ಎಂಪಿಪಿಯ ಪ್ರಾಸಡಿ ಸರ್ವರ್ ಚೆನ್ನ, ಹಳೆಯ ಕಂಪ್ಯೂಟರ್ ಸಾಕು. ಮಾಸ್ಟಡಾನ್ ಪ್ರಶ್ನೋತ್ತರಕ್ಕೆ ಹೊಂದುವುದಿಲ್ಲ, ಅದು ಸುದ್ದಿ ಹಂಚುವ ಜಾಗ. ಅಲ್ಲಿ ಸರ್ವರ್ ಬದಲಿಸಿದರೆ ಹಿಂಬಾಲಕರು ಜೊತೆಗೆ ಬರುತ್ತಾರೆ, ಹಳೆಯ ಬರಹ ಬರುವುದಿಲ್ಲ. ಅದರ ಖಾಸಗಿ ಸಂದೇಶಗಳನ್ನು ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು ಎಂಬುದೂ ನೆನಪಿರಲಿ.

ಮುಕ್ತ ಜಾಲಗಳ ದೊಡ್ಡ ಅಪಾಯ ಹ್ಯಾಕರ್ ಅಲ್ಲ, ದಣಿವು. ಉತ್ಸಾಹದಲ್ಲಿ ಸರ್ವರ್ ನಿಲ್ಲಿಸಿದವರು ಎರಡು ವರ್ಷಕ್ಕೆ ಮದುವೆಯೋ ವರ್ಗಾವಣೆಯೋ ಆಗಿ ಅತ್ತ ತಿರುಗುವುದಿಲ್ಲ. ಡೊಮೇನ್ ನವೀಕರಣ ಮರೆತುಹೋಗುತ್ತದೆ. ಕಂಪನಿ ಮುಚ್ಚುವಾಗ ಒಂದು ನೋಟಿಸಾದರೂ ಬರುತ್ತದೆ, ಇಲ್ಲಿ ಅದೂ ಬರುವುದಿಲ್ಲ.

ನನ್ನನ್ನು ಕೇಳಿದರೆ ಎಲ್ಲರನ್ನೂ ಎಬ್ಬಿಸಿ ಬೇರೆ ಕಡೆ ಸಾಗಿಸಬೇಡಿ. ವಾಟ್ಸ್ಆ್ಯಪ್ ಗುಂಪು ನಡುಮನೆಯಾಗಿ ಹಾಗೇ ಇರಲಿ. ಹೊರಗೊಂದು ಜಗಲಿ ಕಟ್ಟಿ: ನಿಮ್ಮದೇ ಡೊಮೇನ್, ಅದರ ಮೇಲೆ ಯಾರು ಬೇಕಾದರೂ ಓದಬಹುದಾದ, ಸದಸ್ಯರು ಮಾತ್ರ ಬರೆಯಬಹುದಾದ ಪ್ರಶ್ನೋತ್ತರಗಳ ತಾಣ. ಡಿಸ್ಕೋರ್ಸ್‌ನಂಥ ಮುಕ್ತ ತಂತ್ರಾಂಶ ಎರಡು ಜಿಬಿ ಮೆಮೊರಿಯ ಬಾಡಿಗೆ ಸರ್ವರ್‌ನಲ್ಲಿ ಓಡುತ್ತದೆ. ಅದೂ ಹೆಚ್ಚಾಯಿತು ಎಂದರೆ ಬರಿಯ ಪುಟಗಳೇ ಸಾಕು. ಗುಂಪಿನಲ್ಲಿ ಒಂದು ತೊಡಕು ಬಿಡಿಸಿದಾಗ, ಬಿಡಿಸಿದವರೇ ಅದನ್ನು ಹತ್ತು ಸಾಲಿನಲ್ಲಿ ಕನ್ನಡದಲ್ಲಿ ಬರೆದು ಜಗಲಿಗೆ ಹಾಕಲಿ. ಒಂದು ಕಡೆಯ ಮಾತು ಕೇಳಿಸದ ನಿಮ್ಮ ಹಳೆಯ ಪ್ರಶ್ನೆಯಿಂದಲೇ ಶುರುಮಾಡಿ. ರೌಟರ್‌ನ ಸಿಪ್ ಎಎಲ್‌ಜಿ ಎಂಬ, ಕರೆಯ ಸಂದೇಶವನ್ನು ನಡುವೆ ತಿದ್ದುವ ಸೌಲಭ್ಯವನ್ನು ಆಫ್ ಮಾಡುವುದು, ಧ್ವನಿಯನ್ನು ಎಲ್ಲಿಗೆ ಕಳಿಸಬೇಕೆಂದು ಹೇಳುವ ಸಾಲಿನಲ್ಲಿ 192.168 ಎಂಬ ಮನೆಯೊಳಗಿನ ವಿಳಾಸ ಹೊರಟಿದೆಯೇ ನೋಡುವುದು, ರೌಟರ್‌ನ ಹೊರ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ಕಂಪನಿಯೇ ಹಲವು ಗಿರಾಕಿಗಳನ್ನು ಒಂದು ಐಪಿಯ ಹಿಂದೆ ಕೂರಿಸಿದೆ ಎಂದು ಗುರುತಿಸುವುದು. ಇಷ್ಟು ಬರೆದಿಟ್ಟರೆ ವಾರದ ಮೂರು ಪ್ರಶ್ನೆಗೆ ಒಂದು ಕೊಂಡಿ ಸಾಕಾಗುತ್ತದೆ. ಮುಂದೆ ಬೀದರಿನ ಹುಡುಗನೊಬ್ಬ ಕನ್ನಡದಲ್ಲಿ ಹುಡುಕಿದಾಗ ಅವನಿಗೆ ಉತ್ತರ ಸಿಗಬೇಕು ಎಂಬುದು ನನ್ನ ಆಸೆ. ಮುಚ್ಚಿದ ಗುಂಪಿನಲ್ಲಿ ಹತ್ತು ಸಾವಿರ ಉತ್ತರ ಇದ್ದರೂ ಅವನ ಪಾಲಿಗೆ ಕನ್ನಡದಲ್ಲಿ ಈ ವಿಷಯವೇ ಇಲ್ಲ.

ಒಂದು ತಪ್ಪು ಮಾತ್ರ ಮಾಡಬೇಡಿ. ಎಕ್ಸ್‌ಪೋರ್ಟ್ ಚಾಟ್ ಒತ್ತಿ ಆರು ವರ್ಷದ ಮಾತುಕತೆಯನ್ನು ಹಾಗೇ ಹೊರಗೆ ಸುರಿಯಬೇಡಿ. ಸದಸ್ಯರು ಅದನ್ನು ಬರೆದದ್ದು ನಾಲ್ಕು ಗೋಡೆಯ ನಡುವೆಯೇ ಉಳಿಯುತ್ತದೆ ಎಂಬ ನಂಬಿಕೆಯಲ್ಲಿ. ಪರಿಹಾರವನ್ನಷ್ಟೇ ಹೊಸದಾಗಿ ಬರೆಯಿರಿ, ಕೇಳಿದವರ ಹೆಸರು ಬೇಡ.

ಲಾಗ್ ಹಾಕುವವರಿಗೆ ಒಂದು ಕಟ್ಟುಪಾಡು ಇರಲಿ, ಒಳಗೂ ಹೊರಗೂ. ಸಾರ್ವಜನಿಕ ಐಪಿಯನ್ನು 203.0.113.10 ಎಂದು ಬದಲಿಸಿ. ಆ ಸಾಲಿನ ವಿಳಾಸಗಳನ್ನು ಉದಾಹರಣೆಗೆಂದೇ ಮೀಸಲಿಟ್ಟಿದ್ದಾರೆ. ಒಂದು ಐಪಿಗೆ ಎಲ್ಲ ಕಡೆಯೂ ಒಂದೇ ಬದಲಿ ಬಳಸಿದರೆ ರೋಗಪತ್ತೆಗೆ ತೊಂದರೆಯಾಗುವುದಿಲ್ಲ. ಪೂರ್ತಿ ಕಪ್ಪು ಬಳಿದರೆ ಮಾತ್ರ ಉತ್ತರಿಸುವವರಿಗೆ ಏನೂ ತಿಳಿಯುವುದಿಲ್ಲ. ಗಿರಾಕಿಗಳ ಫೋನ್ ನಂಬರ್, ಡೊಮೇನ್, ಪ್ರತಿ ಕರೆಯ ಗುರುತಾದ ಕಾಲ್ ಐಡಿಯಲ್ಲಿ ಅಡಗಿರುವ ಐಪಿ, ಲಾಗಿನ್ ವಿವರ ಇರುವ ಆಥರೈಸೇಷನ್ ಎಂಬ ಸಾಲು, ಇವೆಲ್ಲ ಹೋಗಬೇಕು. ಜಾಲದಲ್ಲಿ ಹರಿಯುವುದನ್ನೆಲ್ಲ ಹಿಡಿದಿಡುವ ವೈರ್‌ಶಾರ್ಕ್‌ನ ಕಡತವನ್ನಂತೂ ಎಂದೂ ಇಡಿಯಾಗಿ ಹಾಕಬೇಡಿ. ಕರೆಗೆ ಗೂಢಲಿಪಿ ಇಲ್ಲದಿದ್ದರೆ ಅದರಲ್ಲಿ ಧ್ವನಿಯೇ ಇರುತ್ತದೆ, ಎರಡು ಗುಂಡಿ ಒತ್ತಿದರೆ ವೈದ್ಯರೂ ರೋಗಿಯೂ ಆಡಿದ ಮಾತು ಕೇಳಿಸುತ್ತದೆ.

ಸಿಮ್ ಬಾಕ್ಸ್ ಮಾತು ಎತ್ತುವವರನ್ನು ಎರಡನೇ ಮಾತಿಲ್ಲದೆ ಹೊರಗೆ ಕಳಿಸಿ. ವಿದೇಶದ ಇಂಟರ್ನೆಟ್ ಕರೆಯನ್ನು ಸ್ಥಳೀಯ ಸಿಮ್‌ಗಳ ಮೂಲಕ ಇಳಿಸುವುದು ಅಪರಾಧ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಇಂಥ ಅಕ್ರಮ ವಿನಿಮಯ ಕೇಂದ್ರ ಸಿಕ್ಕಾಗ ಪೊಲೀಸರ ಜೊತೆ ಸೇನಾ ಗುಪ್ತಚರ ವಿಭಾಗವೂ ಇತ್ತು. ಗುಂಪು ಮುಚ್ಚಿದೆ ಎಂಬುದು ಅಡ್ಮಿನ್‌ಗೆ ರಕ್ಷಣೆಯಾಗದು.

ಅಡ್ಮಿನ್ ವಿಷಯ: ಈ ವಾರವೇ ಇನ್ನಿಬ್ಬರನ್ನು ಮಾಡಿ, ಬೇರೆ ಬೇರೆ ಊರಿನವರಾದರೆ ಒಳ್ಳೆಯದು. ಡೊಮೇನ್ ಕೊಂಡರೆ ಅದರ ಕೀಲಿ ಇಬ್ಬರ ಬಳಿ ಇರಲಿ, ಹಣ ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿ. ತಿಂಗಳಿಗೊಮ್ಮೆ ತೆಗೆದ ಪ್ರತಿ ಸರ್ವರ್ ಇರುವ ಜಾಗದಿಂದ ಹೊರಗಿರಲಿ, ವರ್ಷಕ್ಕೊಮ್ಮೆ ಅದನ್ನು ಬೇರೊಂದು ಯಂತ್ರದಲ್ಲಿ ಬಿಚ್ಚಿ ನೋಡಿ.

ನೀವು ಲಗತ್ತಿಸಿದ ಚಿತ್ರದ ಬಗ್ಗೆ ಬೇರೆ ಪತ್ರದಲ್ಲಿ ಅಂದೇ ತಿಳಿಸಿದ್ದೇನೆ, ಇತರರಿಗೂ ಉಪಯೋಗವಾಗಲಿ ಎಂದು ಇಲ್ಲಿ ಹೇಳುತ್ತಿದ್ದೇನೆ. ಅದರ ಏಳನೇ ಸಾಲಿನಲ್ಲಿ ಆಥರೈಸೇಷನ್ ಹೆಡರ್ ಪೂರ್ತಿ ಇತ್ತು: ಬಳಕೆದಾರ ಹೆಸರು, ಸರ್ವರ್ ಕೊಟ್ಟ ಸವಾಲು, ಅದಕ್ಕೆ ಫೋನ್ ಪಾಸ್‌ವರ್ಡ್ ಬಳಸಿ ಲೆಕ್ಕ ಹಾಕಿ ಕೊಟ್ಟ ಎಂಡಿ5 ಉತ್ತರ. ಅದರಲ್ಲಿ ಪಾಸ್‌ವರ್ಡ್ ನೇರವಾಗಿ ಕಾಣುವುದಿಲ್ಲ, ನಿಜ. ಆದರೆ ಆ ಮೂರೂ ಕೈಗೆ ಸಿಕ್ಕರೆ ಮನೆಯಲ್ಲಿ ಕೂತು, ನಿಮ್ಮ ಸರ್ವರನ್ನು ಒಮ್ಮೆಯೂ ಮುಟ್ಟದೆ, ಕೋಟಿಗಟ್ಟಲೆ ಪಾಸ್‌ವರ್ಡ್‌ಗಳನ್ನು ಹಾಕಿ ಹಾಕಿ ನೋಡಬಹುದು. ಸರ್ವರ್‌ಗೆ ಮತ್ತೆ ಮತ್ತೆ ತಪ್ಪು ಪಾಸ್‌ವರ್ಡ್ ಕೊಡುವವರನ್ನು ತಡೆಯುವ ಫೇಲ್‌ಟುಬ್ಯಾನ್‌ಗೆ ಅದರ ಸುಳಿವೂ ಸಿಗುವುದಿಲ್ಲ. ಆ ಚಿತ್ರ ನಿಮ್ಮ ಗುಂಪಿನಲ್ಲಿ ಎಷ್ಟು ದಿನದಿಂದ ಇದೆಯೋ ನೋಡಿ. ಟ್ರಂಕ್‌ನ ಪಾಸ್‌ವರ್ಡ್ ಬದಲಿಸಿ ಇಪ್ಪತ್ತಕ್ಕಿಂತ ಹೆಚ್ಚು ಅಕ್ಷರದ, ಅರ್ಥವಿಲ್ಲದ ಒಂದನ್ನು ಇಟ್ಟು, ಕಳೆದ ಮೂರು ತಿಂಗಳ ಕರೆ ದಾಖಲೆಯಲ್ಲಿ ರಾತ್ರಿ ಹೊತ್ತಿನ, 00ಯಿಂದ ಶುರುವಾಗುವ ವಿದೇಶಿ ಕರೆಗಳನ್ನು ಒಮ್ಮೆ ಹುಡುಕಿ.